ಸಿಟ್ಟು ಯಾವ ದಾರಿ ಹಿಡಿಯುತ್ತದೆ?

1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ದಂಡಿಯ ಕಡಲತೀರಕ್ಕೆ ಹೊರಟ ಗಾಂಧಿಯ ತಂಡದಲ್ಲಿ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಹುಡುಗನೊಬ್ಬನಿದ್ದ. ಹದಿನೆಂಟರ ಪ್ರಾಯ, ಹೆಸರು ಮೈಲಾರ ಮಹದೇವಪ್ಪ. ಹೊಡೆದರೆ ತಿರುಗಿ ಹೊಡೆಯುವುದಿಲ್ಲ ಎಂಬ ಪಣದ ಮೇಲೆ ನಡೆದ ತಂಡ ಅದು. ಹದಿಮೂರು ವರ್ಷ ಕಳೆದು 1943ರ ಏಪ್ರಿಲ್ 1ರಂದು ಅದೇ ಮಹದೇವಪ್ಪ ಹೊಸರಿತ್ತಿಯಲ್ಲಿ ಕಂದಾಯದ ಹಣ ಇಟ್ಟಿದ್ದ ಜಾಗದ ಮೇಲೆ ದಾಳಿ ಮಾಡಲು ಹೋಗಿ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಪ್ರಾಣ ಬಿಟ್ಟರು.

ಇದಕ್ಕೆ ಸರಿ ಎದುರು ದಿಕ್ಕಿನಲ್ಲಿ ನಡೆದ ಇನ್ನೊಂದು ಬದುಕಿದೆ. 1942ರಲ್ಲಿ ಬೆಂಗಳೂರಿನಲ್ಲಿ ಮೇಷ್ಟ್ರಾಗಿದ್ದ ಎಚ್.ಎಸ್. ದೊರೆಸ್ವಾಮಿ ಅಂಚೆ ಡಬ್ಬಿಗಳಲ್ಲಿ, ಸರ್ಕಾರಿ ದಾಖಲೆ ಕೋಣೆಗಳಲ್ಲಿ ಸಣ್ಣ ಟೈಂ ಬಾಂಬ್ ಇಡುವ ಗುಂಪಿನಲ್ಲಿದ್ದರು. ಇಲಿಯ ಬಾಲಕ್ಕೆ ಬಾಂಬ್ ಕಟ್ಟಿ ದಾಖಲೆ ಕೋಣೆಯೊಳಗೆ ಬಿಡುತ್ತಿದ್ದ ಕತೆಯನ್ನು ಅವರು ನೂರು ದಾಟಿದ ಮೇಲೂ ನಗುತ್ತ ಹೇಳುತ್ತಿದ್ದರು. ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದು ಹೊರಬಂದವರು ಉಳಿದ ಆಯುಷ್ಯವನ್ನೆಲ್ಲ ಧರಣಿ, ಉಪವಾಸ, ಪಾದಯಾತ್ರೆಗಳಲ್ಲಿ ಕಳೆದರು. 2021ರ ಮೇ ತಿಂಗಳಲ್ಲಿ 103ನೇ ವಯಸ್ಸಿನಲ್ಲಿ ತೀರಿಕೊಂಡಾಗ ಪತ್ರಿಕೆಗಳೆಲ್ಲ ಅವರನ್ನು ಕರೆದದ್ದು ಗಾಂಧಿವಾದಿ ಎಂದೇ.

ಒಬ್ಬರು ಉಪ್ಪಿನಿಂದ ಶುರುಮಾಡಿ ಖಜಾನೆ ದಾಳಿಯವರೆಗೆ ಹೋದರು. ಇನ್ನೊಬ್ಬರು ಬಾಂಬಿನಿಂದ ಶುರುಮಾಡಿ ಉಪವಾಸಕ್ಕೆ ಬಂದರು. ಹಾಗಾದರೆ ‘ಕೆಲವರ ರಕ್ತವೇ ಬಿಸಿ, ಕೆಲವರ ಸ್ವಭಾವವೇ ತಣ್ಣಗೆ’ ಎಂದು ಕಟ್ಟೆಯ ಮೇಲೆ ಕೂತು ನಾವು ಹೇಳುವ ಮಾತಿಗೆ ಏನು ಬೆಲೆ? ಹುಟ್ಟುಗುಣವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಒಬ್ಬನೇ ಮನುಷ್ಯ ಎರಡೂ ದಾರಿಯಲ್ಲಿ ನಡೆಯುವಂತಿರಲಿಲ್ಲ.

ಸಂಶೋಧಕರು ಈ ಮಾತನ್ನು ನಲವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಭಯೋತ್ಪಾದನೆಯ ಕಾರಣಗಳ ಬಗ್ಗೆ ಅಮೆರಿಕದ ಮಾರ್ತಾ ಕ್ರೆನ್‌ಶಾ 1981ರಲ್ಲಿ ಬರೆದ ಲೇಖನದ ಒಂದು ಮುಖ್ಯ ಮಾತು ಇದು: ಬಾಂಬ್ ಹಿಡಿದವರಲ್ಲಿ ಎದ್ದು ಕಾಣುವ ಸಾಮಾನ್ಯ ಗುಣ ಯಾವುದೆಂದು ಹುಡುಕಿದರೆ ಸಿಗುವುದು ಅವರ ಮಾಮೂಲಿತನ. ಹುಚ್ಚರಲ್ಲ, ಕಟುಕರಲ್ಲ, ನಮ್ಮ ನಿಮ್ಮ ಹಾಗಿನವರು. ಮೇಲಿಂದ ಮೇಲೆ ಆದ ಸಂದರ್ಶನಗಳು ಹೇಳಿದ್ದೂ ಅದನ್ನೇ. ನಮಗೆ ಇದು ಒಪ್ಪಿಕೊಳ್ಳಲು ಕಷ್ಟ. ಕೊಲ್ಲುವವನು ಬೇರೆಯೇ ಜಾತಿಯ ಪ್ರಾಣಿ ಎಂದುಕೊಂಡರೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ.

ವ್ಯಕ್ತಿಯ ಒಳಗೆ ಉತ್ತರ ಸಿಗದಿದ್ದರೆ ಎಲ್ಲಿ ಹುಡುಕಬೇಕು? ನನಗೆ ಅನ್ನಿಸುವುದು, ಕನ್ನಡನಾಡಿನ ಮೂರು ಊರುಗಳಲ್ಲಿ: ವಿದುರಾಶ್ವತ್ಥ, ಈಸೂರು ಮತ್ತು ಸಿದ್ದಾಪುರದ ಮಾವಿನಗುಂಡಿ.

ಎರಡು ಊರು, ಎರಡು ಸಿಟ್ಟು

1938ರ ಏಪ್ರಿಲ್. ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸಿ ಸುಮಾರು ಎರಡು ವಾರವಷ್ಟೇ ಆಗಿತ್ತು. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಜಾತ್ರೆ. ಅಲ್ಲಿಯೂ ಬಾವುಟ ಹಾರಿಸುವುದೆಂದು ಜನ ಸೇರಿದರು. ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ 10, ಜನರ ಲೆಕ್ಕದಲ್ಲಿ 32. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಆ ಊರಿಗೆ ಬಂದದ್ದು ಆಮೇಲೆ.

ಇಷ್ಟು ಹೆಣ ಬಿದ್ದ ಸೀಮೆಯಲ್ಲಿ ಮರುದಿನದಿಂದ ಪೊಲೀಸರ ಬೇಟೆ ಶುರುವಾಗಬೇಕಿತ್ತು. ಆಗಲಿಲ್ಲ. ಜನರಿಗೆ ಸಿಟ್ಟಿರಲಿಲ್ಲವೇ? ಮೈಸೂರು ಸಂಸ್ಥಾನದ ಉದ್ದಗಲಕ್ಕೂ ಸಭೆಗಳಾದವು, ಮೆರವಣಿಗೆಗಳಾದವು. ಆದರೆ ಅಷ್ಟರಲ್ಲೇ ಇನ್ನೊಂದು ಕಡೆ ಬೇರೆ ಕೆಲಸ ನಡೆಯುತ್ತಿತ್ತು. ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಮಾತುಕತೆಗೆ ಕೂತರು. ಮೇ ತಿಂಗಳಲ್ಲೇ ಒಪ್ಪಂದವಾಯಿತು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದಾಯಿತು, ಸೆರೆಯಲ್ಲಿದ್ದವರು ಹೊರಬಂದರು, ಗೋಲಿಬಾರ್ ತನಿಖೆಗೆ ವೇಪಾ ರಾಮೇಶಂ ಸಮಿತಿ ಬಂತು. ಸತ್ತವರು ತಿರುಗಿ ಬರಲಿಲ್ಲ, ನಿಜ. ಆದರೆ ಅವರು ಯಾವ ಬಾವುಟಕ್ಕಾಗಿ ಸತ್ತರೋ ಅದು ಕೆಲವೇ ವಾರಗಳಲ್ಲಿ ರಾಜಾರೋಷವಾಗಿ ಹಾರಿತು.

ಈಗ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಬನ್ನಿ. ವರ್ಷ 1942. ಆಗಸ್ಟ್ 9ರ ಬೆಳಗಿನ ಜಾವಕ್ಕೆ ಗಾಂಧಿಯೂ ಸೇರಿ ಕಾಂಗ್ರೆಸ್ಸಿನ ದೊಡ್ಡ ನಾಯಕರೆಲ್ಲ ಸೆರೆಯಾಗಿದ್ದರು. ಜಿಲ್ಲೆ, ತಾಲ್ಲೂಕು ಮಟ್ಟದ ಮುಖಂಡರೂ ಒಬ್ಬೊಬ್ಬರಾಗಿ ಒಳಗೆ ಹೋದರು. ಯಾರ ಜೊತೆಗೂ ಮಾತುಕತೆ ಇಲ್ಲ, ಯಾವ ದಿವಾನನೂ ಕರೆದು ಕೂರಿಸುವುದಿಲ್ಲ. ಊರಿನವರು ತಾವೇ ನಿರ್ಧಾರ ಮಾಡಿದರು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು, ಶಾನುಭೋಗರ ದಫ್ತರು ಕಿತ್ತುಕೊಂಡರು, ಕಂದಾಯ ಕೊಡುವುದಿಲ್ಲ ಎಂದರು. ತಮ್ಮದೇ ಸರ್ಕಾರ ಮಾಡಿ ಮೀಸೆ ಮೂಡದ ಇಬ್ಬರು ಹುಡುಗರಿಗೆ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಪದವಿ ಕೊಟ್ಟರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ಹುಟ್ಟಿದ್ದು ಆಗಲೇ. ಇಲ್ಲಿಯವರೆಗೆ ರಕ್ತ ಹರಿದಿಲ್ಲ. ಇದರಲ್ಲಿ ಧೈರ್ಯ ಎಷ್ಟಿತ್ತೋ ತಮಾಷೆಯೂ ಅಷ್ಟೇ ಇತ್ತು.

ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರು, ನಿಜವಾದ ಸಬ್ ಇನ್ಸ್‌ಪೆಕ್ಟರು ಪೊಲೀಸರೊಂದಿಗೆ ಊರೊಳಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಒತ್ತಾಯಿಸಿದರು. ಮಾತಿಗೆ ಮಾತು ಬೆಳೆಯಿತು, ತಳ್ಳಾಟವಾಯಿತು, ಗುಂಡು ಹಾರಿತು. ಗುಂಪು ಇಬ್ಬರು ಅಧಿಕಾರಿಗಳನ್ನೂ ಹೊಡೆದು ಕೊಂದಿತು. ಮುಂದಿನ ದಿನಗಳಲ್ಲಿ ಪೊಲೀಸರು ಮತ್ತು ಸೈನ್ಯ ಊರನ್ನು ಸೂರೆ ಮಾಡಿದರು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರು ಗಲ್ಲಿಗೇರಿದರು.

ಈ ಐವರ ತ್ಯಾಗವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಆದರೆ ಅಂದು ಸತ್ತ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಇಂಗ್ಲೆಂಡಿನಿಂದ ಬಂದವರಲ್ಲ, ಮಹಾರಾಜರ ಸಂಬಳ ತಿನ್ನುತ್ತಿದ್ದ ಕನ್ನಡಿಗರು. ನಮ್ಮ ಪಠ್ಯಪುಸ್ತಕಗಳು ಈ ವಿಷಯದ ಹತ್ತಿರ ಬಂದಾಗ ಸ್ವಲ್ಪ ಬೇಗ ಹೆಜ್ಜೆ ಹಾಕುತ್ತವೆ.

ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ವಿದುರಾಶ್ವತ್ಥದಲ್ಲಿ ಜನರ ಕಡೆ ಹೆಣಗಳು ಬಿದ್ದವು, ಸೇಡು ಹುಟ್ಟಲಿಲ್ಲ. ಈಸೂರಿನಲ್ಲಿ ಆ ಗಳಿಗೆಯವರೆಗೆ ಊರಿನ ಒಂದೂ ಜೀವ ಹೋಗಿರಲಿಲ್ಲ, ಆದರೂ ಎರಡು ಕೊಲೆಯಾದವು. ಅಂದರೆ ಅನ್ಯಾಯ ಎಷ್ಟು ದೊಡ್ಡದು, ಸಿಟ್ಟು ಎಷ್ಟು ಬಿಸಿ ಎಂಬುದರ ಮೇಲೆ ದಾರಿ ತೀರ್ಮಾನವಾಗುವುದಿಲ್ಲ.

ಸಿಟ್ಟಿನವನು ಇನ್ನೂ ಮಾತನಾಡುತ್ತಾನೆ

ಇದೇ ಪ್ರಶ್ನೆಯನ್ನು ಮನೋವಿಜ್ಞಾನಿ ನಿಕೋಲ್ ಟಾಶ್ ಮತ್ತು ಜೊತೆಗಾರರು ಮೂರು ಕಡೆ ಇಟ್ಟು ನೋಡಿದರು. ಬೋಧನಾ ಶುಲ್ಕದ ವಿರುದ್ಧ ಎದ್ದ ಜರ್ಮನಿಯ ವಿದ್ಯಾರ್ಥಿಗಳು, ಭಾರತದ ಮುಸ್ಲಿಮರು, ಬ್ರಿಟನ್ನಿನ ಮುಸ್ಲಿಮರು. 2011ರಲ್ಲಿ ಬಂದ ಆ ಅಧ್ಯಯನ ಈ ಕ್ಷೇತ್ರದಲ್ಲಿ ಬಹಳ ಚರ್ಚೆಗೊಳಗಾಯಿತು, ಏಕೆಂದರೆ ಸಿಟ್ಟಿನ ಬಗ್ಗೆ ನಾವಂದುಕೊಂಡದ್ದನ್ನು ಅದು ತಲೆಕೆಳಗು ಮಾಡಿತು. ಸಿಟ್ಟಿದ್ದವರು ಅರ್ಜಿಗೆ ಸಹಿ ಹಾಕುತ್ತಾರೆ, ಮೆರವಣಿಗೆಗೆ ಬರುತ್ತಾರೆ, ಧರಣಿ ಕೂರುತ್ತಾರೆ. ಸಿಟ್ಟು ಹೆಚ್ಚಾದಷ್ಟೂ ಶಾಂತಿಯುತ ಕ್ರಿಯೆಯತ್ತ ಒಲವು ಹೆಚ್ಚು. ಹಿಂಸೆಯ ಕಡೆ ಒಲವಿದ್ದವರ ಮನಸ್ಸಿನಲ್ಲಿ ಕಂಡದ್ದು ಬೇರೆ ಭಾವ, ಎದುರಾಳಿಯ ಬಗ್ಗೆ ತಿರಸ್ಕಾರ.

ಯೋಚಿಸಿದರೆ ಇದು ಮನೆಯೊಳಗೇ ನಾವು ಕಂಡ ಸತ್ಯ. ಅಣ್ಣನ ಮೇಲೆ ಸಿಟ್ಟು ಬಂದ ತಮ್ಮ ಜಗುಲಿಯಲ್ಲಿ ನಿಂತು ಕೂಗಾಡುತ್ತಾನೆ. ಅಣ್ಣ ಕೇಳಿಸಿಕೊಳ್ಳುತ್ತಾನೆ, ಬದಲಾಗುತ್ತಾನೆ ಎಂಬ ಆಸೆ ಆ ಕೂಗಿನಲ್ಲಿದೆ. ಆಸೆ ಸತ್ತ ದಿನ ಕೂಗು ನಿಲ್ಲುತ್ತದೆ. ಮಾತು ಬಿಡುತ್ತಾನೆ, ಪಾಲು ಕೇಳುತ್ತಾನೆ, ಕೆಲವೊಮ್ಮೆ ಮಚ್ಚು ಹುಡುಕುತ್ತಾನೆ. ಸಿಟ್ಟು ಎದುರಿನವನನ್ನು ಮನುಷ್ಯನೆಂದು ಒಪ್ಪಿಕೊಂಡೇ ಹುಟ್ಟುವಂಥದ್ದು. ಇವನು ತಿದ್ದಿಕೊಳ್ಳುವ ಪೈಕಿಯಲ್ಲ, ಇವನ ಜಾತಿಯೇ ಹೀಗೆ ಎಂಬ ತೀರ್ಮಾನಕ್ಕೆ ಬಂದ ಮೇಲೆ ಬರುವುದು ತಿರಸ್ಕಾರ.

ಅದೇ ಅಧ್ಯಯನದಲ್ಲಿ ಇನ್ನೊಂದು ಎಳೆಯಿದೆ. ‘ನಾವು ಸೇರಿ ಮಾಡಿದರೆ ಇದು ಆಗುತ್ತದೆ’ ಎಂದು ನಂಬಿದವರು ಶಾಂತಿಯ ದಾರಿಗೆ ವಾಲಿದರು. ‘ಏನು ಮಾಡಿದರೂ ಅಷ್ಟೇ’ ಎಂದುಕೊಂಡವರಲ್ಲಿ ಹಿಂಸೆಯ ಬಗ್ಗೆ ಮೃದು ಭಾವ ಹೆಚ್ಚು. ಹಿಂಸೆಗೆ ಇಳಿಯುವವರು ಅದರಿಂದ ಗೆಲ್ಲುತ್ತೇವೆ ಎಂಬ ಲೆಕ್ಕದಿಂದಲೇ ಇಳಿಯುತ್ತಾರೆ ಎಂದುಕೊಂಡಿದ್ದೆವು. ಅಷ್ಟು ಲೆಕ್ಕ ಬಹಳ ಮಂದಿಗೆ ಇರುವುದಿಲ್ಲ. ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲ ಎಂಬ ಭಾವವೇ ಸಾಕಾಗುತ್ತದೆ. 1938ರ ಮೇ ತಿಂಗಳಲ್ಲಿ ಮೈಸೂರಿನವರಿಗೆ ಬಾಗಿಲು ಒಂದಿಷ್ಟು ತೆರೆದದ್ದು ಕಂಡಿತ್ತು. 1942ರ ಸೆಪ್ಟೆಂಬರಿನಲ್ಲಿ ಈಸೂರಿನವರಿಗೆ ಬಾಗಿಲೇ ಕಾಣಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಲೇಬೇಕು. ಬಾಗಿಲು ಮುಚ್ಚಿದ್ದು ಈಸೂರಿಗೊಂದಕ್ಕೇ ಅಲ್ಲ, ನಾಡಿಗೆಲ್ಲ. ಉಳಿದ ಊರುಗಳಲ್ಲಿ ಅಮಲ್ದಾರರು ಬದುಕಿ ಮನೆಗೆ ಹೋದರಲ್ಲ? ಹೌದು. ಹತಾಶೆ ಒಂದೇ ಯಾರನ್ನೂ ಕೊಲೆಗಾರರನ್ನಾಗಿ ಮಾಡುವುದಿಲ್ಲ. ಗುಂಪಿನ ನಡುವೆ ಗುಂಡು ಹಾರಿದ ಆ ಒಂದು ಗಳಿಗೆಯ ಪಾತ್ರವೂ ದೊಡ್ಡದು. ಗುಂಪು ಸೇರಿದರೆ ಮನುಷ್ಯನ ಬುದ್ಧಿ ಹಾರಿಹೋಗುತ್ತದೆ ಎಂದು ಫ್ರಾನ್ಸಿನ ಗುಸ್ತಾವ್ ಲೆ ಬಾನ್ 1895ರಲ್ಲಿ ಬರೆದ. ನಮ್ಮ ಪೊಲೀಸ್ ಇಲಾಖೆ ಇವತ್ತಿಗೂ ಬಹುಪಾಲು ಅದನ್ನೇ ನಂಬಿಕೊಂಡಂತೆ ನಡೆದುಕೊಳ್ಳುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಸ್ಟೀಫನ್ ರೈಶರ್ 1980ರಲ್ಲಿ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ನಡೆದ ಗಲಭೆಯನ್ನು ಬಿಡಿಸಿ ನೋಡಿದಾಗ ಬೇರೆ ಚಿತ್ರ ಸಿಕ್ಕಿತು. ಗುಂಪು ಸಿಕ್ಕಸಿಕ್ಕದ್ದಕ್ಕೆ ಕೈ ಹಾಕಿರಲಿಲ್ಲ. ಪೊಲೀಸರ ಮೇಲೆ ಕಲ್ಲು ಬಿದ್ದಿತ್ತು, ಬಡಾವಣೆಯ ಸ್ವಂತ ಜನರ ಮನೆಗಳು ಉಳಿದಿದ್ದವು. ಗುಂಪಿಗೂ ಒಂದು ವಿವೇಕ ಇರುತ್ತದೆ, ‘ನಾವು ಯಾರು, ಅವರು ಯಾರು’ ಎಂಬ ಗೆರೆಯಿಂದ ಅದು ಹುಟ್ಟುತ್ತದೆ. ಸುಮ್ಮನೆ ನೋಡಲು ಬಂದವನ ಮೇಲೂ ಲಾಠಿ ಬಿದ್ದರೆ, ಇಷ್ಟು ಹೊತ್ತು ಹತ್ತು ಬಗೆಯಾಗಿದ್ದ ಜನ ಒಂದೇ ಕ್ಷಣಕ್ಕೆ ಒಂದೇ ಪಕ್ಷವಾಗುತ್ತಾರೆ. ಅಷ್ಟು ಹೊತ್ತು ‘ಕಲ್ಲು ಬೇಡ’ ಎನ್ನುತ್ತಿದ್ದವನ ಮಾತು ಆಮೇಲೆ ನಡೆಯುವುದಿಲ್ಲ.

ಮಾವಿನಗುಂಡಿಯ ಹೆಂಗಸರು

ಸಿದ್ದಾಪುರ, ಅಂಕೋಲಾ ತಾಲ್ಲೂಕುಗಳ ಕರನಿರಾಕರಣೆಯ ಕತೆ ಈ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಆ ಕಾರಣಕ್ಕೇ ನನಗೆ ಅದು ಹೆಚ್ಚು ಹತ್ತಿರ. 1930ರ ದಶಕದ ಮೊದಲಲ್ಲಿ ಅಡಿಕೆ ಬೆಲೆ ಬಿದ್ದು, ಬೆಳೆ ಕೈಕೊಟ್ಟು ಸೋತ ರೈತರು ಭೂಕಂದಾಯ ಕೊಡುವುದಿಲ್ಲ ಎಂದರು. ಸರ್ಕಾರ ಜಮೀನು, ಮನೆ, ದನಕರು, ಪಾತ್ರೆ ಪಗಡೆ ಎಲ್ಲವನ್ನೂ ಜಪ್ತಿ ಮಾಡಿ ಹರಾಜು ಹಾಕಿತು. ಬಾಗಿಲು ಇಲ್ಲಿಯೂ ಮುಚ್ಚಿತ್ತು. ಹತಾಶೆಗೆ ಏನೂ ಕೊರತೆಯಿರಲಿಲ್ಲ. ಕೈಗೆ ಸಿಗುವಷ್ಟು ಹತ್ತಿರದಲ್ಲಿ ಒಬ್ಬ ಶತ್ರುವೂ ಇದ್ದ: ಹರಾಜಿನಲ್ಲಿ ನೆರೆಯವನ ಸೊತ್ತನ್ನು ಅಗ್ಗಕ್ಕೆ ಹಿಡಿದವನು.

ಅವನ ಹುಲ್ಲುಬಣವೆಗೆ ರಾತ್ರೋರಾತ್ರಿ ಬೆಂಕಿ ಇಡುವುದು ಎಷ್ಟು ಹೊತ್ತಿನ ಕೆಲಸ? 1932ರಲ್ಲಿ ಮಾವಿನಗುಂಡಿಯ ಸುತ್ತಿನ ಹೆಂಗಸರು ಬೇರೆಯದನ್ನೇ ಮಾಡಿದರು. ಸೊತ್ತು ಕೊಂಡವರ ಮನೆಯ ಮುಂದೆ ಹೋಗಿ ಅನ್ನ ಬಿಟ್ಟು ಕೂತರು. ಪೊಲೀಸರು ಎತ್ತಿಕೊಂಡು ಹೋದರೆ ಬೇರೆಯವರು ಬಂದು ಕೂರುತ್ತಿದ್ದರು. ಉಪವಾಸ ವಾರಗಟ್ಟಲೆ ನಡೆಯಿತು.

ಇದನ್ನು ಭಕ್ತಿಯಿಂದ ನೋಡುವ ಬದಲು ಅದರ ಹಿಂದಿನ ಮನಸ್ಸನ್ನು ನೋಡಿ. ಕೊಂಡವನಿಗೆ ನಾಚಿಕೆ ಇದೆ ಎಂಬ ನಂಬಿಕೆಯ ಮೇಲೆ ಆ ಉಪವಾಸ ನಿಂತಿತ್ತು. ನಾಚಿಕೆಯೇ ಇಲ್ಲದವನ ಅಂಗಳದಲ್ಲಿ ಯಾರೂ ಹಸಿದು ಕೂರುವುದಿಲ್ಲ. ಅವನ ಹೆಂಡತಿ, ತಾಯಿ ದಿನವೂ ಇವರ ಮುಖ ನೋಡಬೇಕು. ನಾಳೆ ಅವನ ಮನೆಯ ಮದುವೆಗೆ ಇದೇ ಊರಿನವರು ಬರಬೇಕು. ಇವರಿಗೆ ಸಿಟ್ಟು ಬೇಕಾದಷ್ಟಿತ್ತು, ತಿರಸ್ಕಾರ ಇರಲಿಲ್ಲ. ಇದು ಬರೀ ಮೃದು ಮಾತಿನ ಕೆಲಸ ಎಂದೂ ತಿಳಿಯಬೇಡಿ, ಇಡೀ ಊರು ಒಬ್ಬನ ಹೊಸಿಲ ಮೇಲೆ ಹೇರಿದ ಒತ್ತಡ ಅದು. ಅಹಿಂಸೆ ನೋಯಿಸುವುದಿಲ್ಲ ಎನ್ನುವವರು ಅದನ್ನು ಹತ್ತಿರದಿಂದ ನೋಡಿಲ್ಲ.

ಇಂಥ ಸಂಯಮ ತಾನಾಗಿ ಬರುವುದಿಲ್ಲ, ಕಲಿಸಬೇಕು ಎಂದು ಮೊದಲೇ ಕಂಡುಕೊಂಡವರು ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆ ಸಿಕ್ಕವರಲ್ಲಿ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದಾಗ ಹುಬ್ಬಳ್ಳಿಯಿಂದ ಹೋದ ಸ್ವಯಂಸೇವಕರು ಗಟ್ಟಿಯಾಗಿ ನಿಂತಿದ್ದರು. ಅದನ್ನು ಕಂಡವರು ಅಂಥ ತರಬೇತಿ ಎಲ್ಲ ಕಡೆಗೂ ಬೇಕೆಂದರು. ಆ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಕವಾಯತು, ಸಾಲು, ಸಮವಸ್ತ್ರ, ಅಪ್ಪಣೆ ಪಾಲನೆ ಎಲ್ಲವೂ ಅಲ್ಲಿದ್ದವು. ಸಿಪಾಯಿಯಂತಿರುವ ಈ ದಳ ಅಹಿಂಸೆಗೆ ಯಾಕೆ ಎಂದು ಹುಬ್ಬೇರಿಸಿದವರು ಆಗ ಕಾಂಗ್ರೆಸ್ಸಿನಲ್ಲೇ ಇದ್ದರು. ಹರ್ಡೀಕರರಿಗೆ ಗೊತ್ತಿದ್ದ ಸಂಗತಿ ಸರಳ. ಲಾಠಿ ಬೀಳುವಾಗ ಕೈ ಎತ್ತದಿರುವುದು ದೇಹಕ್ಕೆ ಅಭ್ಯಾಸವಾಗಬೇಕು. ಭಾಷಣದಿಂದ ಅದು ಬರುವುದಿಲ್ಲ.

ಅದೇ ನಾಗಪುರಕ್ಕೆ ಮೂವತ್ತು ವರ್ಷಗಳ ನಂತರ ಜೇಮ್ಸ್ ಲಾಸನ್ ಎಂಬ ಕಪ್ಪು ಅಮೆರಿಕನ್ ಯುವಕ ಬಂದ, ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡುತ್ತ ಸತ್ಯಾಗ್ರಹವನ್ನು ಓದಿದ. ಊರಿಗೆ ಮರಳಿ ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳಿಗೆ ಶಿಬಿರ ನಡೆಸಿದ. ಅಲ್ಲಿ ಗೆಳೆಯರೇ ಬಿಳಿಯ ಪುಂಡರಂತೆ ನಟಿಸಿ ಬೈಯುತ್ತಿದ್ದರು, ತಳ್ಳುತ್ತಿದ್ದರು, ಮುಖಕ್ಕೆ ಸಿಗರೇಟಿನ ಹೊಗೆ ಊದುತ್ತಿದ್ದರು. ಕೈ ಎತ್ತದೆ ಕೂತಿರಲು ಬಂದವರು ಮಾತ್ರ 1960ರಲ್ಲಿ ಬಿಳಿಯರಿಗಷ್ಟೇ ಊಟ ಬಡಿಸುತ್ತಿದ್ದ ಹೋಟೆಲ್ ಕಟ್ಟೆಗಳ ಮುಂದೆ ಹೋಗಿ ಕೂತರು.

ಒಲವು ಮತ್ತು ಗೀಳು

ಮಹದೇವಪ್ಪನವರ ಪ್ರಶ್ನೆ ಇನ್ನೂ ಉಳಿದಿದೆ. ದಂಡಿಯ ತರಬೇತಿ ಅವರಿಗಿಂತ ಚೆನ್ನಾಗಿ ಯಾರಿಗಿತ್ತು? 1942ರಲ್ಲಿ ಅವರ ತಂಡ ಹಳ್ಳಿ ಚಾವಡಿಗಳಿಗೆ ಬೆಂಕಿ ಇಟ್ಟಿತು, ದಫ್ತರು ಸುಟ್ಟಿತು, ಕಂದಾಯದ ಹಣ ವಶಮಾಡಿಕೊಂಡಿತು. ಆದರೆ ಜೀವ ತೆಗೆಯಬಾರದು ಎಂಬ ಕಟ್ಟುಪಾಡು ತಂಡದಲ್ಲಿತ್ತು ಎಂದು ಅವರ ಜೊತೆಗಾರರು ಹೇಳುತ್ತ ಬಂದರು. ಆ ಕಾಲದ ಕಾರ್ಯಕರ್ತರಿಗೆ ಇದು ನಿಜವಾದ ಧರ್ಮಸಂಕಟ. ಗಾಂಧಿ ಸೆರೆಯಲ್ಲಿದ್ದಾಗ ಕಿಶೋರಲಾಲ ಮಶ್ರೂವಾಲಾ ‘ಹರಿಜನ’ ಪತ್ರಿಕೆಯಲ್ಲಿ, ಜೀವಕ್ಕೆ ಅಪಾಯವಾಗದಂತೆ ತಂತಿ ಕತ್ತರಿಸುವುದು, ಹಳಿ ತೆಗೆಯುವುದು ಆದೀತು ಎಂಬರ್ಥದ ಮಾತು ಬರೆದರು. 1944ರಲ್ಲಿ ಹೊರಬಂದ ಗಾಂಧಿ ಅದನ್ನು ಒಪ್ಪಲಿಲ್ಲ, ಗುಟ್ಟಿನ ಚಳವಳಿಯೇ ತಪ್ಪು ಎಂದರು. ಅಷ್ಟು ಕಾಲ ಭೂಗತರಾಗಿ ಕರ್ನಾಟಕದ ಚಳವಳಿ ನಡೆಸಿದ್ದ ರಂ.ರಾ. ದಿವಾಕರರು ಆ ಮಾತು ಕೇಳಿ ತಾವಾಗಿ ಪೊಲೀಸರಿಗೆ ಒಪ್ಪಿಸಿಕೊಂಡರು. ಮಹದೇವಪ್ಪ ಅಷ್ಟು ದಿನ ಉಳಿದಿದ್ದರೆ ಏನು ಮಾಡುತ್ತಿದ್ದರು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಹಾಗೆ ನೋಡಿದರೆ ಶಾಂತಿ ಮತ್ತು ಹಿಂಸೆ ಎರಡು ಬೇರೆ ಬೇರೆ ಊರುಗಳಲ್ಲ. ನಡುವೆ ಮೈಲುಗಟ್ಟಲೆ ಬಯಲಿದೆ, ಜನ ಅಲ್ಲಿ ಹಿಂದೆ ಮುಂದೆ ಓಡಾಡುತ್ತಾರೆ. ಕೆನಡಾದ ಮನೋವಿಜ್ಞಾನಿ ರಾಬರ್ಟ್ ವಲ್ಲೆರಾಂಡ್ ಮತ್ತು ಸಂಗಡಿಗರು ಈ ಬಯಲಲ್ಲಿ ಒಂದು ಗುರುತು ನೆಟ್ಟರು. ಕ್ವೆಬೆಕ್ ಪ್ರಾಂತ ಪ್ರತ್ಯೇಕ ದೇಶವಾಗಬೇಕು ಎನ್ನುವವರನ್ನೂ, ಬೇರೊಂದು ಸುತ್ತಿನಲ್ಲಿ ಶ್ರದ್ಧಾವಂತ ಮುಸ್ಲಿಮರನ್ನೂ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ. ನಂಬಿದ ವಿಚಾರವನ್ನು ಪ್ರಾಣದಂತೆ ಪ್ರೀತಿಸುವವರಲ್ಲೂ ಎರಡು ಬಗೆ. ಕೆಲವರಿಗೆ ಅದು ಬದುಕಿನ ಒಂದು ದೊಡ್ಡ ಭಾಗ; ಅದರಾಚೆ ಸಂಸಾರವಿದೆ, ಸ್ನೇಹವಿದೆ, ಸಂಗೀತವಿದೆ. ಕೆಲವರಿಗೆ ಅದೊಂದೇ, ಅದು ಹೋದರೆ ತಾವೂ ಇಲ್ಲ. ಮೊದಲ ಬಗೆಯವರು ತಮ್ಮನ್ನು ಕೆಣಕಿದರೂ ಶಾಂತಿಯ ದಾರಿಯಲ್ಲೇ ಉಳಿದರು. ಎರಡನೆಯವರನ್ನು ಅವಮಾನ ಮಾಡಿದಾಗ ದ್ವೇಷ ಹೊರಬಂತು, ಅದರ ಬೆನ್ನಿಗೆ ಉಗ್ರ ಕ್ರಿಯೆಗಳಿಗೆ ಬೆಂಬಲವೂ ಬಂತು.

ನಿಷ್ಠೆ ಕಡಿಮೆ ಮಾಡಿಕೊಳ್ಳಿ ಎಂದು ಈ ಅಧ್ಯಯನ ಹೇಳುವುದಿಲ್ಲ. ಸಾಬರಮತಿಯ ದಿನಚರಿಯಲ್ಲಿ ನೂಲುವುದು, ಕಕ್ಕಸು ತೊಳೆಯುವುದು, ಪ್ರಾರ್ಥನೆ ಎಲ್ಲ ಯಾಕಿತ್ತು ಎಂಬುದಕ್ಕೆ ಇದರಲ್ಲಿ ಅರ್ಧ ಉತ್ತರವಿದೆ. ಚಳವಳಿ ಇಲ್ಲದ ದಿನವೂ ಕಾರ್ಯಕರ್ತನಿಗೆ ಮಾಡಲು ಕೆಲಸ ಇರಬೇಕು. ಭೂಗತ ಬದುಕಿನಲ್ಲಿ ಅದೇ ಇರುವುದಿಲ್ಲ. ಅಡಗಿಕೊಂಡವನಿಗೆ ಹೆಂಡತಿ ಮಕ್ಕಳು ದೂರ, ಊರ ಹಬ್ಬ ದೂರ, ಒಪ್ಪದ ಗೆಳೆಯನೊಬ್ಬನ ಮಾತೂ ದೂರ. ಹಗಲೂ ರಾತ್ರಿಯೂ ತನ್ನ ಹಾಗೆಯೇ ಯೋಚಿಸುವ ನಾಲ್ಕು ಜನರ ನಡುವೆ ಕೂತವನ ಲೋಕ ದಿನದಿಂದ ದಿನಕ್ಕೆ ಕಿರಿದಾಗುತ್ತದೆ.

ಇಲ್ಲಿಯವರೆಗೆ ಮಾಡುವವರ ಮಾತಾಯಿತು. ನೋಡುವವರು? ಮನೋವಿಜ್ಞಾನಿಗಳಾದ ಕ್ಲಾರ್ಕ್ ಮೆಕಾಲಿ ಮತ್ತು ಸೋಫಿಯಾ ಮೊಸ್ಕಲೆಂಕೊ ಬಹಳ ವರ್ಷ ಈ ಇಬ್ಬರ ನಡುವಿನ ಅಂತರವನ್ನೇ ಅಳೆದವರು. ‘ಅವರು ಮಾಡಿದ್ದು ಸರಿ’ ಎಂದು ಚಹಾದಂಗಡಿಯಲ್ಲಿ ಹೇಳುವ ಲಕ್ಷ ಜನರಲ್ಲಿ ಕಲ್ಲು ಎತ್ತುವವರು ಬೆರಳೆಣಿಕೆಯಷ್ಟು. ಉಗ್ರ ಮಾತು ಉಗ್ರ ಕೃತ್ಯದ ಮೊದಲ ಮೆಟ್ಟಿಲು ಎಂದು ಎಲ್ಲರನ್ನೂ ಒಂದೇ ಏಣಿಗೆ ಹತ್ತಿಸುವ ಪೊಲೀಸ್ ಬುದ್ಧಿ ತಪ್ಪು ಎಂಬುದು ಅವರ ವಾದ. ಆ ಮಾತು ನನಗೆ ಒಪ್ಪಿಗೆ. ಒಂದೆರಡು ಸಾಲು ಬರೆದದ್ದಕ್ಕೆ ಹುಡುಗನೊಬ್ಬನನ್ನು ತಿಂಗಳುಗಟ್ಟಲೆ ಒಳಗೆ ಹಾಕಿದರೆ ಅವನಿಗೆ ಬಾಗಿಲು ಮುಚ್ಚಿದೆ ಎಂಬ ಪಾಠವನ್ನು ಸರ್ಕಾರವೇ ಕಲಿಸಿದಂತೆ.

ಹಾಗಂತ ಹಿಂಸೆಯಿಂದ ಲಾಭವಿದೆಯೇ? ರಾಜ್ಯಶಾಸ್ತ್ರಜ್ಞರಾದ ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಚಳವಳಿಗಳನ್ನು ಲೆಕ್ಕ ಹಾಕಿದರು. ಅಹಿಂಸಾತ್ಮಕ ಚಳವಳಿಗಳು ಶೇ 53ರಷ್ಟು ಗೆದ್ದವು, ಸಶಸ್ತ್ರ ಚಳವಳಿಗಳು ಶೇ 26ರಷ್ಟು. ಯಾವುದನ್ನು ಯಾವ ಸಾಲಿಗೆ ಸೇರಿಸಬೇಕು ಎಂಬ ತಕರಾರು ವಿದ್ವಾಂಸರಲ್ಲಿ ಇದ್ದೇ ಇದೆ, ಇತ್ತೀಚಿನ ವರ್ಷಗಳಲ್ಲಿ ಶಾಂತ ಚಳವಳಿಗಳ ಗೆಲುವೂ ಕುಗ್ಗಿದೆ. ಆದರೂ ಕಾರಣ ಮಾತ್ರ ಸ್ಪಷ್ಟ. ಬಂದೂಕಿನ ಚಳವಳಿಗೆ ಮುದುಕಿ ಬರಲಾರಳು, ಅಂಗನವಾಡಿ ಕಾರ್ಯಕರ್ತೆ ಬರಲಾರಳು. ಧರಣಿಗೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡೂ ಬರಬಹುದು.

ಮಲೆನಾಡಿನ ಲೆಕ್ಕ

ಈ ಎಲ್ಲ ಮಾತನ್ನು ನಮ್ಮ ಕಾಲದಲ್ಲಿ ಒರೆಗೆ ಹಚ್ಚಿದ ಜಾಗ ಕುದುರೆಮುಖದ ಸುತ್ತಲಿನ ಮಲೆನಾಡು. ಅಲ್ಲಿ ಏಕಕಾಲಕ್ಕೆ ಎರಡು ಹೋರಾಟಗಳಿದ್ದವು. ಗಣಿಗಾರಿಕೆಯ ವಿರುದ್ಧ ಪರಿಸರಾಸಕ್ತರು ನಡೆಸಿದ ಹೋರಾಟ ನ್ಯಾಯಾಲಯಕ್ಕೆ ಹೋಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಅದಿರು ತೆಗೆಯುವುದು ನಿಂತಿತು. ಅರ್ಜಿಗೆ ಉತ್ತರ ಸಿಕ್ಕಿತು. ಅದೇ ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದ್ದ ಮಲೆಕುಡಿಯರು, ಗೌಡಲು, ಸಣ್ಣ ರೈತರು ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುವ ಭಯದಲ್ಲಿದ್ದರು. ಅವರೂ ಸಭೆ ಮಾಡಿದರು, ಪಾದಯಾತ್ರೆ ಮಾಡಿದರು, ಮನವಿ ಕೊಟ್ಟರು. ಅವರಲ್ಲಿ ಬಹುಪಾಲು ಜನ ಕೊನೆಯವರೆಗೂ ಆ ದಾರಿ ಬಿಡಲಿಲ್ಲ. ಕೆಲವು ಯುವಕ ಯುವತಿಯರು ಮಾತ್ರ ಕಾಡು ಸೇರಿ ಬಂದೂಕು ಹಿಡಿದರು.

2003ರ ನವೆಂಬರಿನಲ್ಲಿ ಕಾರ್ಕಳ ಬಳಿಯ ಈದುವಿನಲ್ಲಿ ಹಾಜಿಮಾ ಮತ್ತು ಪಾರ್ವತಿ ಎಂಬ ಇಬ್ಬರು ಯುವತಿಯರು ಎನ್‌ಕೌಂಟರಿನಲ್ಲಿ ಸತ್ತರು. 2005ರ ಫೆಬ್ರುವರಿ 6ರಂದು ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದರು. ನಾಲ್ಕೈದು ದಿನಗಳಲ್ಲೇ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯೊಳಗೆ ಬೀಡುಬಿಟ್ಟಿದ್ದ ಮೀಸಲು ಪಡೆಯ ಪೊಲೀಸರನ್ನು ನಕ್ಸಲರು ಕೊಂದರು. ಆ ಪೊಲೀಸರಿಗೂ ಕುದುರೆಮುಖದ ಕಾಡಿಗೂ ಏನು ಸಂಬಂಧ? ಖಾಕಿ ತೊಟ್ಟವರೆಲ್ಲ ಒಂದೇ ಎಂಬ ತಿರಸ್ಕಾರದ ಕಣ್ಣಿಗೆ ಮಾತ್ರ ಸಂಬಂಧ ಕಾಣುತ್ತದೆ. ಬಂದೂಕು ಬಂದ ಮೇಲೆ ಮಲೆನಾಡಿನ ಶಾಂತ ಹೋರಾಟಗಾರರ ಪಾಡು ಇನ್ನೂ ಕೆಟ್ಟಿತು. ಒಕ್ಕಲೆಬ್ಬಿಸಬೇಡಿ ಎಂದವರೆಲ್ಲ ಪೊಲೀಸ್ ಠಾಣೆಯಲ್ಲಿ ನಕ್ಸಲ್ ಬೆಂಬಲಿಗರಾದರು. ಇಪ್ಪತ್ತು ವರ್ಷದ ಆ ಸಶಸ್ತ್ರ ಹೋರಾಟದಿಂದ ಮಲೆಕುಡಿಯರಿಗೆ ಒಂದು ಗುಂಟೆ ಹಕ್ಕುಪತ್ರವೂ ದಕ್ಕಲಿಲ್ಲ ಎಂಬುದು ನನ್ನ ತೀರ್ಮಾನ.

ಬಂದೂಕು ಇಳಿಸುವ ದಾರಿ ತೆರೆದದ್ದೂ ಮಾತುಕತೆಯೇ. 2014ರ ಡಿಸೆಂಬರಿನಲ್ಲಿ ನಕ್ಸಲ್ ಚಳವಳಿಯಲ್ಲಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಶರಣಾಗಿ ಮುಖ್ಯವಾಹಿನಿಗೆ ಬಂದರು. ನಡುವೆ ನಿಂತು ಎರಡೂ ಕಡೆ ಮಾತನಾಡಿದವರಲ್ಲಿ ಗೌರಿ ಲಂಕೇಶ್, ಎ.ಕೆ. ಸುಬ್ಬಯ್ಯ ಇದ್ದರು, ಜೊತೆಗೆ ಒಂದು ಕಾಲಕ್ಕೆ ಇಲಿಯ ಬಾಲಕ್ಕೆ ಬಾಂಬ್ ಕಟ್ಟಿದ್ದ ದೊರೆಸ್ವಾಮಿಯವರೂ ಇದ್ದರು. 2024ರ ನವೆಂಬರಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹೆಬ್ರಿ ಬಳಿ ಪೊಲೀಸರ ಗುಂಡಿಗೆ ಬಲಿಯಾದರು. ಅದಾಗಿ ಎರಡು ತಿಂಗಳೊಳಗೆ, 2025ರ ಜನವರಿ 8ರಂದು, ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಮುಂದೆ ಶರಣಾದರು.

ಇನ್ನು ಮಲೆನಾಡಿನಲ್ಲಿ ನಕ್ಸಲರಿಲ್ಲ ಎಂದು ಸರ್ಕಾರ ಹೇಳಿದೆ. ಒಳ್ಳೆಯದು. ಆದರೆ ಕಾಡಿನಲ್ಲಿ ಬದುಕುವವರಿಗೆ ನೆಲದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ 2006ರದು. ಅದರಡಿ ಕೊಟ್ಟ ಅರ್ಜಿಗಳನ್ನು ಕಡತದಲ್ಲಿ ಕೊಳೆಸಬೇಡಿ. ಆಗುವುದಾದರೆ ಹಕ್ಕುಪತ್ರ ಕೊಡಿ, ಆಗದಿದ್ದರೆ ಯಾಕೆ ಆಗದು ಎಂದು ಕನ್ನಡದಲ್ಲಿ ಬರೆದು ಅರ್ಜಿದಾರರ ಕೈಗೆ ಕೊಡಿ.